ಕನ್ನಂಬಾಡಿ ಕಟ್ಟೆ ನಮ್ಮದೇ, ಆದರೂ ನೀರು ಬಿಡಲು ದೆಹಲಿಯ ಆದೇಶ ಏಕೆ?

ನಿಮ್ಮ ಪ್ರಶ್ನೆ ಇದು: ಕೆಆರ್‌ಎಸ್ ಇರುವುದು ಮಂಡ್ಯ ಜಿಲ್ಲೆಯಲ್ಲಿ, ಕಟ್ಟಿಸಿದ್ದು ಮೈಸೂರು ಸಂಸ್ಥಾನ, ನೋಡಿಕೊಳ್ಳುತ್ತಿರುವುದು ರಾಜ್ಯದ ಕಾವೇರಿ ನೀರಾವರಿ ನಿಗಮ. ನೀರಾವರಿ ರಾಜ್ಯಪಟ್ಟಿಯಲ್ಲೇ ಇದೆ. ಹೀಗಿದ್ದೂ ದೆಹಲಿಯ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿದಷ್ಟು ನೀರು ಏಕೆ ಬಿಡಬೇಕು, ನಮ್ಮ ವಿಧಾನಸಭೆಯೇ ಕಾನೂನು ಮಾಡಿ ತಡೆಯಬಾರದೇಕೆ?

ತಡೆಯಲು ಆಗುವುದಿಲ್ಲ. ಅಂಥ ಪ್ರಯತ್ನ ಒಮ್ಮೆ ಮಾಡಿಯೂ ಆಗಿದೆ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ತಮಿಳುನಾಡಿನ ಮೆಟ್ಟೂರು ಜಲಾಶಯ ತಲುಪಬೇಕೆಂದು ಮಧ್ಯಂತರ ಆದೇಶ ಕೊಟ್ಟಾಗ, ಕರ್ನಾಟಕ ತನ್ನ ಅಚ್ಚುಕಟ್ಟಿನ ರಕ್ಷಣೆಗೆ ಸುಗ್ರೀವಾಜ್ಞೆ ತಂದಿತು. ರಾಷ್ಟ್ರಪತಿಗಳು 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಅದೇ ವರ್ಷದ ನವೆಂಬರ್ 22ರಂದು ಬಂದ ಉತ್ತರ ನೇರವಾಗಿತ್ತು: ರಾಜ್ಯದ ಗಡಿಯಾಚೆಗೂ ಪರಿಣಾಮ ಬೀರುವ ಇಂಥ ಕಾನೂನು ಮಾಡುವ ಅಧಿಕಾರ ಶಾಸನಸಭೆಗಿಲ್ಲ, ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲು ಯಾವ ರಾಜ್ಯಕ್ಕೂ ಬರುವುದಿಲ್ಲ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಯ 17ನೇ ನಮೂದು ನೀರು ಪೂರೈಕೆ, ನೀರಾವರಿ, ನಾಲೆ, ಸಂಗ್ರಹ ಎಲ್ಲವನ್ನೂ ರಾಜ್ಯಕ್ಕೆ ಕೊಡುತ್ತದೆ ನಿಜ. ಆದರೆ ಕೇಂದ್ರಪಟ್ಟಿಯ 56ನೇ ನಮೂದಿಗೆ ಒಳಪಟ್ಟು ಎಂಬ ಷರತ್ತನ್ನೂ ಅದೇ ನಮೂದು ಹೇಳುತ್ತದೆ. ಅಂತರರಾಜ್ಯ ನದಿಗಳ ನಿಯಂತ್ರಣ ಸಾರ್ವಜನಿಕ ಹಿತಕ್ಕೆ ಬೇಕೆಂದು ಸಂಸತ್ತು ಕಾನೂನಿನಲ್ಲಿ ಘೋಷಿಸಿದರೆ, ಅಷ್ಟರಮಟ್ಟಿಗೆ ಅದು ಕೇಂದ್ರದ ಕೈಗೆ ಹೋಗುತ್ತದೆ. ಬಹಳ ಜನ ಕಾವೇರಿಯ ಆದೇಶಗಳೂ ಇದರಿಂದಲೇ ಬಂದವು ಎಂದುಕೊಂಡಿದ್ದಾರೆ. ಹಾಗಲ್ಲ. 56ರಡಿ ತಂದ 1956ರ ನದಿ ಮಂಡಳಿಗಳ ಕಾಯ್ದೆಯಡಿ ಒಂದು ಮಂಡಳಿಯೂ ಹುಟ್ಟಲಿಲ್ಲ. ಅಣೆಕಟ್ಟಿನ ಸುರಕ್ಷತೆಯ ಮಟ್ಟಿಗೆ 2021ರ ಕಾಯ್ದೆ ಇದೆ, ಅಷ್ಟೇ.

ಕಾವೇರಿಗೆ ಅನ್ವಯಿಸುವುದು ಅಂತರರಾಜ್ಯ ನದಿ ವಿವಾದಗಳ ತೀರ್ಮಾನಕ್ಕೆ ಸಂಬಂಧಿಸಿದ ಸಂವಿಧಾನದ 262ನೇ ವಿಧಿ ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆ. ರಾಜ್ಯ ಸರ್ಕಾರ ದೂರು ಕೊಡುತ್ತದೆ, ಮಾತುಕತೆ ಮುರಿದುಬಿದ್ದರೆ ಕೇಂದ್ರ ನ್ಯಾಯಮಂಡಳಿ ರಚಿಸುತ್ತದೆ, ಐತೀರ್ಪು, ಅಂದರೆ ನ್ಯಾಯಮಂಡಳಿಯ ತೀರ್ಪು, ರಾಜಪತ್ರದಲ್ಲಿ ಪ್ರಕಟವಾದ ಮೇಲೆ ಅದಕ್ಕೆ ಸುಪ್ರೀಂ ಕೋರ್ಟ್ ಆದೇಶದಷ್ಟೇ ಬಲ. ಅಂದರೆ ಇಲ್ಲಿ ಅಧಿಕಾರ ಬೆಂಗಳೂರಿನಿಂದ ದೆಹಲಿಯ ಮಂತ್ರಿಗಳ ಕೈಗೆ ಹೋಗಿಲ್ಲ. ಇಬ್ಬರ ಕೈಯಿಂದಲೂ ಬಿಡಿಸಿಕೊಂಡು ತೀರ್ಪಿನ ಕೈಗೆ ಕೊಟ್ಟಿದ್ದಾರೆ. ಪ್ರಧಾನಿ ಮಧ್ಯಪ್ರವೇಶಿಸಲಿ ಎಂಬ ಬೇಡಿಕೆ ಪ್ರತಿ ಬರಗಾಲದಲ್ಲೂ ಕೇಳಿಬರುತ್ತದೆ. ಮಾತುಕತೆಗೆ ಕರೆಯಬಹುದೇ ಹೊರತು, ಆದೇಶ ನಿಲ್ಲಿಸುವ ಅಧಿಕಾರ ಪ್ರಧಾನಿಗೂ ಇಲ್ಲ.

ಈಗ ಜಾರಿಯಲ್ಲಿರುವ ಲೆಕ್ಕ 2018ರ ಫೆಬ್ರವರಿ 16ರದು. 2007ರ ಐತೀರ್ಪಿನಲ್ಲಿ ನಮಗೆ 270 ಟಿಎಂಸಿ ಇತ್ತು. ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು. ಹೆಚ್ಚುವರಿ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, 10 ಟಿಎಂಸಿ ತಮಿಳುನಾಡಿನ ಅಂತರ್ಜಲವನ್ನು ಪರಿಗಣಿಸಿ ಕೊಟ್ಟದ್ದು. ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ಒದಗಿಸಬೇಕಾದದ್ದು 192ರಿಂದ 177.25ಕ್ಕೆ ಇಳಿಯಿತು. ಈ ಹಂಚಿಕೆ 15 ವರ್ಷ ಬದಲಾಗದು ಎಂದೂ ಕೋರ್ಟ್ ಹೇಳಿದೆ.

ಇದನ್ನು ಜಾರಿ ಮಾಡಲು 2018ರ ಜೂನ್‌ನಲ್ಲಿ ಪ್ರಾಧಿಕಾರ, ಅದರ ಕೆಳಗೆ ನಿಯಂತ್ರಣ ಸಮಿತಿ ಬಂದವು. ಎರಡರಲ್ಲೂ ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ ನಾಲ್ಕೂ ಕಡೆಯ ಪ್ರತಿನಿಧಿಗಳಿದ್ದಾರೆ. ಸಮಿತಿ ಒಳಹರಿವು, ಸಂಗ್ರಹ, ಮಳೆ ಮುನ್ಸೂಚನೆ ನೋಡಿ ಇಷ್ಟು ದಿನ ಇಷ್ಟು ಕ್ಯುಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ) ಎನ್ನುತ್ತದೆ, ಪ್ರಾಧಿಕಾರ ಅದನ್ನು ಪರಿಶೀಲಿಸುತ್ತದೆ. 11,574 ಕ್ಯುಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. 2023ರ ಸೆಪ್ಟೆಂಬರ್‌ನಲ್ಲಿ ಹೇಳಿದ 5,000 ಕ್ಯುಸೆಕ್, 15 ದಿನ ಎಂದರೆ ಸುಮಾರು ಆರೂವರೆ ಟಿಎಂಸಿ. ಇದನ್ನು ಅಳೆಯುವುದು ಬಿಳಿಗುಂಡ್ಲುವಿನಲ್ಲಿ, ಕೆಆರ್‌ಎಸ್ ಗೇಟಿನಲ್ಲಲ್ಲ. ಕಬಿನಿಯ ನೀರೂ, ಶಿಂಷಾ, ಅರ್ಕಾವತಿಗಳಲ್ಲಿ ಮಳೆಯಾದರೆ ಆ ಹರಿವೂ ಅದರಲ್ಲಿ ಸೇರುತ್ತದೆ. ಪತ್ರಿಕೆಯಲ್ಲಿ ಬರುವ ಕೆಆರ್‌ಎಸ್ ಹೊರಹರಿವಿನಲ್ಲಿ ನಾಲೆಗೆ ಬಿಟ್ಟದ್ದೂ ಇರುತ್ತದೆ. ಆ ಅಂಕಿಯನ್ನು ಪೂರ್ತಿ ತಮಿಳುನಾಡಿಗೆ ಹೋದದ್ದೆಂದು ಓದಬೇಡಿ.

ಜಗಳ ಹುಟ್ಟುವುದು ಯಾವ ತಿಂಗಳು ಬಿಳಿಗುಂಡ್ಲುವಿನಲ್ಲಿ ಎಷ್ಟು ಟಿಎಂಸಿ ಒದಗಿಸಬೇಕೆಂಬ ತಿಂಗಳ ಪಟ್ಟಿಯಲ್ಲಿ. ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76. ವರ್ಷದ ಬಾಬ್ತಿನ ಹತ್ತಿರ ಅರ್ಧ ಆಗಸ್ಟ್, ಸೆಪ್ಟೆಂಬರ್ ಎರಡೇ ತಿಂಗಳಲ್ಲಿ, ಅದೂ ಕೆಆರ್‌ಎಸ್‌ನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಗದ್ದೆಗಳಲ್ಲಿ ನಾಟಿಗೆ, ನಾಟಿಯಾದ ಪೈರಿಗೆ ನೀರು ಬೇಕಾದ ಹೊತ್ತಿಗೆ. ಕೊಡಗಿನಲ್ಲಿ ಮುಂಗಾರು ಸರಿಯಾಗಿ ಹಿಡಿದ ವರ್ಷ ಯಾರಿಗೂ ಈ ಪಟ್ಟಿ ನೆನಪಾಗುವುದಿಲ್ಲ, ತಾನಾಗಿಯೇ ಅದಕ್ಕಿಂತ ಹೆಚ್ಚು ಹರಿದುಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಪಾಲನ್ನು ಅನುಪಾತದಲ್ಲಿ ತಗ್ಗಿಸಬೇಕು ಎಂದು ಐತೀರ್ಪು ಹೇಳಿದೆ. ಆದರೆ ಅದನ್ನು ಲೆಕ್ಕ ಹಾಕುವ ಸೂತ್ರ ಕೊಟ್ಟಿಲ್ಲ. ನಾವು ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ ನಾಲ್ಕು ಜಲಾಶಯಗಳ ಒಳಹರಿವು ಹಿಂದಿನ ವರ್ಷಗಳ ಸರಾಸರಿಗಿಂತ ಎಷ್ಟು ಕುಸಿದಿದೆ ಎಂದು ತೋರಿಸುತ್ತೇವೆ, ತಮಿಳುನಾಡಿನವರು ತಿಂಗಳ ಪಟ್ಟಿ ತೋರಿಸುತ್ತಾರೆ. ಎರಡೂ ಕಡೆ ಒಪ್ಪುವ ಸಂಕಷ್ಟ ಸೂತ್ರವೇ ನಿಜವಾದ ಪರಿಹಾರ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬರ ಇಲ್ಲದ ವರ್ಷದಲ್ಲೇ ಅದಕ್ಕೆ ಒತ್ತಡ ಹಾಕಬೇಕು. ಆದೇಶ ಬಂದ ಮೇಲೆ ಕೋರ್ಟಿಗೆ ಓಡಿದರೆ ತಾಂತ್ರಿಕ ಸಮಿತಿಯ ಲೆಕ್ಕದಲ್ಲಿ ನ್ಯಾಯಾಲಯ ಕೈಹಾಕುವುದು ಅಪರೂಪ. 2023ರ ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟಿನಲ್ಲಿ ಆದದ್ದೂ ಅದೇ.

ಇನ್ನು ಪೂರ್ತಿ ರಾಜ್ಯದ ಕೈಯಲ್ಲೇ ಉಳಿದದ್ದು ಕಡಿಮೆಯೇನಲ್ಲ. ನಮ್ಮ ಪಾಲಿನ ನೀರನ್ನು ಯಾವ ನಾಲೆಗೆ, ಎಂದಿನಿಂದ, ಎಷ್ಟು ಕಟ್ಟು (ಸರದಿ) ಬಿಡಬೇಕೆಂದು ತೀರ್ಮಾನಿಸುವುದು ಸಚಿವರ ಅಧ್ಯಕ್ಷತೆಯ ನೀರಾವರಿ ಸಲಹಾ ಸಮಿತಿ. ಭತ್ತ ಹಾಕಬಹುದೋ, ಕಡಿಮೆ ನೀರಿನ ಅರೆಖುಷ್ಕಿ ಬೆಳೆ ಸಾಕೋ ಎಂಬ ಸೂಚನೆ, ನಾಲೆ ದುರಸ್ತಿ, ಕೆರೆ ತುಂಬಿಸುವುದು ಎಲ್ಲ ಇಲ್ಲಿಯದೇ. ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗದ ಗದ್ದೆಗೆ ನೀರು ಬರದಿರಲು ಹೂಳು, ಒಡೆದ ತೂಬು, ಮೇಲ್ಭಾಗದ ಅಕ್ರಮ ಪಂಪ್‌ಸೆಟ್ ಕಾರಣವಾಗಿದ್ದರೆ ಅದಕ್ಕೆ ದೆಹಲಿಯ ಯಾವ ಆದೇಶವೂ ಅಡ್ಡಿಯಿಲ್ಲ. ಅಂಥ ದೂರಿಗೆ ಉಪನಾಲೆಯ ಹೆಸರು, ತೂಬಿನ ಸಂಖ್ಯೆ, ನೀರು ಬರಬೇಕಿದ್ದ ಕಟ್ಟಿನ ದಿನಾಂಕ ಬರೆದು, ನಿಮ್ಮ ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ನಿಗಮದ ಕಾರ್ಯಪಾಲಕ ಎಂಜಿನಿಯರ್‌ಗೆ ಕೊಡಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಸಲಹಾ ಸಮಿತಿಯ ಸಭೆಗೆ ಮುಂಚೆ ಕೊಟ್ಟರೆ ನಿಮ್ಮ ಶಾಸಕರು ಅದನ್ನು ಅಲ್ಲೇ ಎತ್ತಬಹುದು.