ಹೋಲಿಕೆಯಿಂದ ಶುರುವಾಗುವ ಇಂಗ್ಲಿಷ್ ವಾಕ್ಯ

ಪ್ರಶ್ನೆ: ಇಂಗ್ಲಿಷ್ ವಾಕ್ಯವನ್ನು 'ಕಂಪೇರ್ಡ್ ಟು', 'ಅನ್‌ಲೈಕ್' ಎಂದು ಶುರು ಮಾಡಿದರೆ ತಪ್ಪೇ?

ಉತ್ತರ: ತಪ್ಪಿಲ್ಲ, ಧಾರಾಳವಾಗಿ ಶುರು ಮಾಡಿ. ಎಡವಟ್ಟಾಗುವುದು ಅಲ್ಪವಿರಾಮದ ಆಚೆಗೆ. 'ಅನ್‌ಲೈಕ್ ಮೈ ಓಲ್ಡ್ ಫೋನ್, ದ ಬ್ಯಾಟರಿ ಲಾಸ್ಟ್ಸ್ ಟೂ ಡೇಸ್' ಎಂಬ ವಾಕ್ಯ ನೋಡಿ. ಈಚೆ ಫೋನು, ಆಚೆ ಬ್ಯಾಟರಿ. ಹಳೇ ಫೋನನ್ನು ಬ್ಯಾಟರಿಗೆ ಹೋಲಿಸಿದಂತಾಯಿತು. 'ಅನ್‌ಲೈಕ್ ಮೈ ಓಲ್ಡ್ ಫೋನ್, ದಿಸ್ ಒನ್ ರನ್ಸ್ ಫಾರ್ ಟೂ ಡೇಸ್' ಎಂದರೆ ಸರಿಹೋಗುತ್ತದೆ. ಬರೆದ ಮೇಲೆ ಎರಡೂ ಕಡೆಯ ನಾಮಪದಗಳಿಗೆ ಅಡಿಗೆರೆ ಎಳೆಯಿರಿ. ಅವು ಒಂದೇ ಜಾತಿಯವಾಗಿರಬೇಕು.

'ಕಂಪೇರ್ಡ್ ಟು ಲಾಸ್ಟ್ ಇಯರ್, ಪ್ರೈಸಸ್ ಆರ್ ಹೈ' ಎಂಬಲ್ಲಿ ಮಾತ್ರ ಇಷ್ಟು ಬಿಗಿ ಬೇಡ. ವರ್ಷಕ್ಕೂ ಬೆಲೆಗೂ ಹೋಲಿಕೆಯೇ ಎಂದು ಕೆಣಕುವವರಿದ್ದರೂ ಈ ಬಳಕೆ ಗಟ್ಟಿಯಾಗಿ ನೆಲೆನಿಂತಿದೆ. 'ಟು' ಬದಲು 'ವಿತ್' ಎಂದರೂ ನಡೆಯುತ್ತದೆ. 'ಕಂಪೇರಿಂಗ್ ಟು' ಮಾತ್ರ ಬೇಡವೇ ಬೇಡ. ಇನ್ನು, 'ಕಂಪೇರ್ಡ್ ಟು ಹರ್ ಸಿಸ್ಟರ್, ಶೀ ಈಸ್ ಟಾಲರ್' ಎಂದರೆ ಹೋಲಿಕೆ ಎರಡು ಸಲ ಬಂತು. 'ಟಾಲ್' ಸಾಕು, 'ಟಾಲರ್' ಬೇಕೇ ಬೇಕೆಂದರೆ 'ಶೀ ಈಸ್ ಟಾಲರ್ ದ್ಯಾನ್ ಹರ್ ಸಿಸ್ಟರ್' ಎಂದು ಬರೆಯಿರಿ.

ಪ್ರಶ್ನೆ: 'ನಿನ್ನೆಗಿಂತ ಇವತ್ತು ಸೆಕೆ ಜಾಸ್ತಿ' ಎನ್ನುತ್ತೇವಲ್ಲ, ಹಾಗೇ 'ದ್ಯಾನ್ ಯೆಸ್ಟರ್‌ಡೇ' ಎಂದು ಮೊದಲಿಡಬಹುದೇ?

ಉತ್ತರ: ಇಲ್ಲ. 'ಹಾಟರ್' ಬಂದ ಮೇಲೆಯೇ 'ದ್ಯಾನ್': 'ಟುಡೇ ಈಸ್ ಹಾಟರ್ ದ್ಯಾನ್ ಯೆಸ್ಟರ್‌ಡೇ'. 'ರಾದರ್ ದ್ಯಾನ್' ಎಂಬ ಜೋಡಿ ಮೊದಲು ಬರಬಹುದು: 'ರಾದರ್ ದ್ಯಾನ್ ವೇಟ್, ದೇ ಲೆಫ್ಟ್'. 'ನೋ ಸೂನರ್' ಎಂದು ಶುರು ಮಾಡಿದರೆ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮೊದಲು ಬರಬೇಕು: 'ನೋ ಸೂನರ್ ಹ್ಯಾಡ್ ದ ಬೆಲ್ ರಂಗ್ ದ್ಯಾನ್ ದೇ ರ್‍ಯಾನ್ ಔಟ್'. ಪರೀಕ್ಷೆಯಲ್ಲಿ ಕೆಲವರು ಇಲ್ಲಿ 'ದ್ಯಾನ್' ಬದಲು 'ವೆನ್' ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: 'ದ ಮೋರ್ ಯೂ ರೀಡ್, ಯೂ ರೈಟ್ ಬೆಟರ್' ಸರಿಯೇ?

ಉತ್ತರ: ಅರ್ಧ ಮಾತ್ರ ಸರಿ. 'ದ' ಎರಡೂ ಕಡೆ ಬೇಕು, ತರತಮ ರೂಪ ('ಮೋರ್', 'ಬೆಟರ್') ಅದಕ್ಕೆ ಅಂಟಿಕೊಂಡೇ ಇರಬೇಕು: 'ದ ಮೋರ್ ಯೂ ರೀಡ್, ದ ಬೆಟರ್ ಯೂ ರೈಟ್'. ನಡುವೆ ಅಲ್ಪವಿರಾಮ ಹಾಕಿ. 'ದೆನ್', 'ಆ್ಯಂಡ್' ಯಾವುದನ್ನೂ ತುರುಕಬೇಡಿ.

ಪ್ರಶ್ನೆ: 'ಮೋರ್ ಇಂಪಾರ್ಟೆಂಟ್', 'ಮೋರ್ ಇಂಪಾರ್ಟೆಂಟ್ಲಿ' – ವಾಕ್ಯದ ಮೊದಲಿಗೆ ಯಾವುದು?

ಉತ್ತರ: ಎರಡೂ ಸರಿ, ಅಲ್ಪವಿರಾಮ ಮರೆಯಬೇಡಿ.