ಲಾಸ್ ಏಂಜಲೀಸ್‌ನ ನೆಬರ್‌ಹುಡ್ ಕೌನ್ಸಿಲ್ ಅಂದರೇನು? ಅಮೆರಿಕದ ಪೌರತ್ವ ಇಲ್ಲದವರೂ ಅದರಲ್ಲಿ ಮತ ಹಾಕಬಹುದಾ?

ಅದು ಬಡಾವಣೆಯವರೇ ಆರಿಸಿದ, ನಗರಸಭೆಗೆ ಸಲಹೆ ಕೊಡುವ ಸ್ಥಳೀಯ ಮಂಡಳಿ. ಮತ ಯಾರು ಬೇಕಾದರೂ ಅಲ್ಲ, ಆದರೆ ಪೌರತ್ವ ಇಲ್ಲದವರೂ ಹಾಕಬಹುದು. ಪೌರತ್ವ ಬೇಕಿಲ್ಲ. ಆ ಬಡಾವಣೆಯಲ್ಲಿ ವಾಸ, ಕೆಲಸ ಅಥವಾ ಸ್ವಂತ ಆಸ್ತಿ, ಯಾವುದಾದರೂ ಒಂದಿದ್ದರೆ ಸಾಕು. ವೀಸಾದ ಮೇಲಿರುವ ನಮ್ಮವರು ಎಷ್ಟೋ ಮಂದಿ ಇದು ಗೊತ್ತಿಲ್ಲದೆ ಸುಮ್ನೆ ದೂರ ಇರುತ್ತಾರೆ.

1999ರಲ್ಲಿ ಮತದಾರರು ಒಪ್ಪಿದ ನಗರ ಚಾರ್ಟರ್‌ನಿಂದ (ನಗರಾಡಳಿತದ ಮೂಲ ಕಾನೂನು) ಈ ವ್ಯವಸ್ಥೆ ಬಂತು. ಈಗ ಸುಮಾರು 99 ಕೌನ್ಸಿಲ್‌ಗಳಿವೆ. ಸದಸ್ಯರಿಗೆ ಸಂಬಳವಿಲ್ಲ. ಇವು ಸಲಹೆ ಕೊಡಬಹುದು, ಕಾನೂನು ಮಾಡುವಂತಿಲ್ಲ. ಹಾಗಂತ ಲೆಕ್ಕಕ್ಕಿಲ್ಲ ಅಂತಲ್ಲ. ಹೊಸ ಕಟ್ಟಡ, ಪಾರ್ಕಿಂಗ್, ನಗರದ ಬಜೆಟ್ ಬಗ್ಗೆ ಇವರ ನಿಲುವು ನಗರಸಭೆಗೆ ಲಿಖಿತವಾಗಿ ಹೋಗುತ್ತದೆ.

ಮಾಮೂಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಹಾಕಬೇಕು. ಅದನ್ನು ಓದಿಕೊಂಡು ಹೋಗಿ, ಯಾರು ಬೇಕಾದರೂ ಮಾತಾಡಬಹುದು. ಬರೀ ರಸ್ತೆ ಗುಂಡಿ, ಹಳೇ ಸೋಫಾ ವಿಲೇವಾರಿಯಂಥ ಕೆಲಸಕ್ಕಾದರೆ ಸಭೆವರೆಗೆ ಕಾಯಬೇಡಿ, ನಗರದ ಸೇವಾ ಸಂಖ್ಯೆ 311ಕ್ಕೆ ಫೋನ್ ಮಾಡಿ.