ಮೇಡಂ ಬಗ್ಗೆ ಮಾತಾಡೋಕೆ ನನಗೆ ಹಕ್ಕಿದೆಯಾ?

ಪ್ರಶ್ನೆ: ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನನಗೆ ಕೆಲಸ ಕಲಿಸಿದವರು ನಮ್ಮ ಮೇಡಂ. ಹದಿನಾರು ವರ್ಷ ಅವರ ಪಕ್ಕದ ಟೇಬಲ್‌ನಲ್ಲೇ ಕೂತೆ. ಲೆಕ್ಕ ತಾಳೆಯಾಗದೆ ಒದ್ದಾಡುವಾಗ, ‘ವ್ಯತ್ಯಾಸ 9ರಿಂದ ಭಾಗವಾಗುತ್ತಾ ನೋಡು’ ಎಂದು ಹೇಳಿಕೊಟ್ಟವರು ಅವರೇ. ನಿವೃತ್ತರಾದ ಐದೇ ತಿಂಗಳಿಗೆ ತೀರಿಕೊಂಡರು. ನಡುವೆ ಒಮ್ಮೆ ‘ಹೇಗಿದ್ದೀಯಾ? ಎಲ್ಲರೂ ಹೇಗಿದ್ದಾರೆ?’ ಎಂದು ಮೆಸೇಜ್ ಮಾಡಿದ್ದರು. ಆಡಿಟ್ ಗಡಿಬಿಡಿಯಲ್ಲಿದ್ದೆ. ನಿಧಾನವಾಗಿ ಬರೆಯೋಣ ಎಂದುಕೊಂಡೆ, ಬರೆಯಲೇ ಇಲ್ಲ. ಈಗ ಆಫೀಸಿನಲ್ಲಿ ನುಡಿನಮನ ಇಟ್ಟುಕೊಂಡಿದ್ದಾರೆ. ಅವರ ಗಂಡ, ಮಗಳು ಬರುತ್ತಾರೆ. ನಾನೇ ಮಾತಾಡಬೇಕಂತೆ. ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಮನೆಯಲ್ಲಿ ಹೇಳಿಕೊಂಡರೆ, ‘ಆಫೀಸಿನವರು ತಾನೆ, ಎಷ್ಟು ದಿನ ಅಂತ ಅಳ್ತೀಯಾ’ ಅನ್ನುತ್ತಾರೆ.
– ಹೆಸರು ಬೇಡ

ಉತ್ತರ: ಮಾತಾಡಿ. ನೀವೇ ಮಾತಾಡಬೇಕು.

ಅವರ ಗಂಡ, ಮಗಳಿಗೆ ಮನೆಯ ಮೇಡಂ ಗೊತ್ತು. ಬೆಳಿಗ್ಗೆ ಬಾಗಿಲು ದಾಟಿ ಹೋದವರು ಸಂಜೆಯ ತನಕ ಏನಾಗಿರುತ್ತಿದ್ದರು ಅನ್ನುವುದು ಅವರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಅದನ್ನು ಪಕ್ಕದ ಟೇಬಲ್‌ನಿಂದ ನೋಡಿದವರು ನೀವು. ನೀವು ಸುಮ್ಮನಾದರೆ ಆ ಭಾಗ ಅವರಿಗೆ ಸಿಗುವುದೇ ಇಲ್ಲ.

ಮನೆಯವರ ಮಾತನ್ನು ಜಾಸ್ತಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ರಕ್ತಸಂಬಂಧ ಇಲ್ಲದವರು ಹೋದಾಗ ಆಗುವ ನೋವನ್ನು ಸುತ್ತಲಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಹೋದ್ಯೋಗಿ, ಗೆಳತಿ, ಮಾಜಿ ಸಂಗಾತಿ ಇಂಥವರನ್ನು ಕಳೆದುಕೊಂಡವರ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದಿದ್ದಾರೆ. ಬೇರೆಯವರು ಒಪ್ಪದ ದುಃಖವನ್ನು ಒಳಗೇ ಇಟ್ಟುಕೊಳ್ಳಬೇಕಾಗುತ್ತದೆ, ಹಾಗಾಗಿ ಅದು ಇನ್ನಷ್ಟು ಭಾರವಾಗುತ್ತದೆ ಅನ್ನುವುದು ಅವರ ವಾದ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೆಲಸದಲ್ಲಿದ್ದಾಗಲೇ ಹೋಗಿದ್ದರೆ ಖಾಲಿ ಕುರ್ಚಿ ಕಾಣುತ್ತಿತ್ತು. ಎಲ್ಲರೂ ಒಂದು ದಿನವಾದರೂ ಕೆಲಸ ನಿಲ್ಲಿಸುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಬೀಳ್ಕೊಡುಗೆ ನಗುನಗುತ್ತಾ ಮುಗಿದಿತ್ತು. ಅವರ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮೇಡಂ ಮನೆಯಲ್ಲಿ ಆರಾಮಾಗಿದ್ದಾರೆ ಎಂದು ನಿಮ್ಮ ಮನಸ್ಸು ಒಂದು ಚಿತ್ರ ಇಟ್ಟುಕೊಂಡಿತ್ತು. ಸುದ್ದಿ ಬಂದ ಮರುದಿನ ಆಫೀಸಿನಲ್ಲಿ ಏನೂ ಬದಲಾಗಿರಲಿಲ್ಲ, ಅಲ್ವಾ? ಅದೇ ಫೈಲು, ಅದೇ ಮೀಟಿಂಗು. ಎರಡು ಸಲ ಕಳೆದುಕೊಂಡಿದ್ದೀರಿ, ಎರಡನೇ ಸಲ ಅಳುವುದಕ್ಕೆ ಜಾಗ ಸಿಗಲಿಲ್ಲ. ನುಡಿನಮನ ಆ ಜಾಗ ಕೊಡುತ್ತಿದೆ. ಬಿಡಬೇಡಿ.

ಇನ್ನು ಆ ಮೆಸೇಜ್. ‘ಅವರೇನೂ ಅಂದುಕೊಂಡಿರಲ್ಲ ಬಿಡಿ’ ಎಂದು ನಾನು ಹೇಳಲಾರೆ. ಬಹುಶಃ ಅವರು ಉತ್ತರಕ್ಕೆ ಕಾದಿರಬಹುದು. ಆದರೆ ನೀವು ಬರೆಯದೆ ಉಳಿದದ್ದು ಅಸಡ್ಡೆಯಿಂದಲ್ಲ. ಅವರಿಗೆ ಎರಡು ಪದದ ಉತ್ತರ ಸಾಲದು ಎಂದು ನಿಮಗೆ ಅನಿಸಿತ್ತು. ಗೌರವ ಇರುವವರಿಗೇ ನಾವು ಹೀಗೆ ಬಾಕಿ ಉಳಿಸಿಕೊಳ್ಳುವುದು. ಮನಸ್ಸಿಗೆ ಸಮಾಧಾನವಾಗುವುದಾದರೆ ಆ ಉತ್ತರವನ್ನು ಈಗಲೇ ಒಂದು ಹಾಳೆಯಲ್ಲಿ ಬರೆಯಿರಿ. ಆಫೀಸ್ ಸುದ್ದಿಯೆಲ್ಲ ಬರೆಯಿರಿ, ಯಾರಿಗೆ ಬಡ್ತಿ ಸಿಕ್ಕಿತು, ಯಾರು ಇನ್ನೂ ತಡವಾಗಿ ಬರುತ್ತಾರೆ ಎಲ್ಲ. ಯಾರಿಗೂ ತೋರಿಸಬೇಕಿಲ್ಲ.

ಆದರೆ ಸಭೆಯಲ್ಲಿ ಅದನ್ನು ಹೇಳಬೇಡಿ. ಈ ವಿಷಯದಲ್ಲಿ ನಾನು ಖಡಾಖಂಡಿತ. ನೀವು ಅಲ್ಲಿ ಕ್ಷಮೆ ಕೇಳಿ ಅತ್ತರೆ, ಹೆಂಡತಿಯನ್ನು ಕಳೆದುಕೊಂಡವರು ಎದ್ದು ಬಂದು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಹಾಗಾದರೆ ಏನು ಹೇಳುವುದು? ಆ 9ರ ವಿಷಯ ಹೇಳಿ. 54 ಅನ್ನುವಲ್ಲಿ 45 ಬರೆದರೆ ವ್ಯತ್ಯಾಸ 9. 72 ಅನ್ನುವಲ್ಲಿ 27 ಬರೆದರೆ 45, ಅದೂ 9ರಿಂದ ಭಾಗವಾಗುತ್ತದೆ. ಅಂಕಿ ಅದಲುಬದಲಾಗಿರಬಹುದು ಎಂದು ಹುಡುಕಲು ಒಂದು ಸುಳಿವು. ಲೆಕ್ಕ ಬರೆಯುವವರಲ್ಲಿ ಹಳೆಯ ಉಪಾಯವೇ ಇದು, ಅವರು ಕಂಡುಹಿಡಿದದ್ದಲ್ಲ. ಆದರೆ ತಾವೇ ಸರಿಮಾಡಿ ಕೊಡದೆ, ‘ಭಾಗವಾಗುತ್ತಾ ನೋಡು’ ಎಂದು ನಿಮ್ಮ ಕೈಯಿಂದಲೇ ತಪ್ಪು ಹುಡುಕಿಸಿದರಲ್ಲ, ಅದು ಮೇಡಂ. ಇಂಥದ್ದು ಎರಡು ಸಾಕು. ಸಹೋದ್ಯೋಗಿಗಳಿಂದ ಇನ್ನೊಂದು ಕೇಳಿ ಪಡೆಯಿರಿ. ಮೇಡಂ ಬೈಯುತ್ತಿದ್ದರೆ ಅದನ್ನೂ ಹೇಳಿ, ಮಗಳು ಖಂಡಿತ ಗುರುತು ಹಿಡಿಯುತ್ತಾಳೆ. ‘ತುಂಬಲಾರದ ನಷ್ಟ’, ‘ಸರಳ ಸಜ್ಜನಿಕೆ’ ಇವನ್ನೆಲ್ಲ ಬೇರೆ ಭಾಷಣಕಾರರಿಗೆ ಬಿಡಿ. ನಾಲ್ಕೈದು ನಿಮಿಷ ಮೀರಬೇಡಿ. ಬರೆದುಕೊಂಡು ಓದಿ, ಗಂಟಲು ಕಟ್ಟಿದರೆ ಮುಂದಿನ ಸಾಲು ಕಣ್ಣಮುಂದೆ ಇರುತ್ತದೆ.

ಒಂದು ಮಾತು ಮಾತ್ರ ನಿಮ್ಮ ಬಾಯಿಂದ ಬರಬಾರದು: ‘ಪಾಪ, ನಿವೃತ್ತಿಯ ಸುಖವನ್ನೇ ಅನುಭವಿಸಲಿಲ್ಲ.’ ಮನೆಯವರು ಅದನ್ನು ಈಗಾಗಲೇ ಸಾಕಷ್ಟು ಸಲ ಕೇಳಿರುತ್ತಾರೆ. ಕೆಲಸ ಮಾಡಿದ ಅಷ್ಟೂ ವರ್ಷ ಬರೀ ಕಾಯುವಿಕೆಯಾಗಿತ್ತು ಅನ್ನುವ ಹಾಗೆ ಕೇಳಿಸುತ್ತದೆ ಅದು. ‘ಕೆಲಸ ಬಿಟ್ಟರೆ ಮನುಷ್ಯ ಬೇಗ ಹೋಗಿಬಿಡ್ತಾನೆ’ ಅನ್ನುವವರೂ ಅಲ್ಲಿರುತ್ತಾರೆ. ಆ ಲೆಕ್ಕವೂ ಅಷ್ಟು ನೇರವಿಲ್ಲ. ಆರೋಗ್ಯ ಕೆಟ್ಟದ್ದರಿಂದಲೇ ಕೆಲಸ ಬಿಡುವವರು ಬಹಳ ಮಂದಿ. ಅವರನ್ನೂ ಸೇರಿಸಿ ಎಣಿಸಿದರೆ ನಿವೃತ್ತಿಯೇ ಸಾವು ತಂದಿತು ಎಂದು ಕಾಣುತ್ತದೆ. ಅದನ್ನು ಕೇಳಿದ ಗಂಡ, ‘ಇನ್ನೂ ಸ್ವಲ್ಪ ದಿನ ದುಡಿಯಲು ಬಿಡಬೇಕಿತ್ತೇನೋ’ ಎಂದು ಕೊರಗುವುದು ಬೇಡ.

ಸದ್ಯಕ್ಕೆ ನಿಮಗೆ ಡಾಕ್ಟರ್ ಬೇಕೆಂದು ನಿಮ್ಮ ಪತ್ರ ಓದಿ ಅನಿಸುವುದಿಲ್ಲ. ಆರು ತಿಂಗಳು ಕಳೆದ ಮೇಲೂ ಇದೇ ತೀವ್ರತೆ ಇದ್ದು, ನಿದ್ದೆ, ಕೆಲಸ ಎರಡೂ ಕೆಡುತ್ತಿದ್ದರೆ ಆಪ್ತ ಸಮಾಲೋಚಕರನ್ನು ಕಾಣಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಕೂಡ ದೀರ್ಘಕಾಲದ ಶೋಕವನ್ನು ಗುರುತಿಸಲು ಕನಿಷ್ಠ ಆರು ತಿಂಗಳೆಂದೇ ಇಟ್ಟುಕೊಂಡಿದೆ.

ಸಭೆಗೆ ಮುಂಚೆ ಅವರ ಮಗಳಿಗೆ ಒಂದು ಫೋನ್ ಮಾಡಿ. ಏನು ಹೇಳಬೇಕೆಂದಿದ್ದೀರಿ ಎಂದು ತಿಳಿಸಿ. ಅಮ್ಮನ ಕಾಯಿಲೆಯ ವಿಷಯ ಎತ್ತುವುದು ಬೇಡ ಎಂದರೆ ಎತ್ತಬೇಡಿ. ಸಭೆ ಮುಗಿದ ಮೇಲೆ ನೀವು ಓದಿದ್ದರ ಒಂದು ಪ್ರತಿ ಅವರಿಗೆ ಕೊಡಿ, ಆ ದಿನ ಅವರ ಕಿವಿಗೆ ಅರ್ಧ ಮಾತೂ ಬಿದ್ದಿರುವುದಿಲ್ಲ.